ಕೆಂಪು ಸ್ವಿಚ್ಚು

ಮಧುಗಿರಿ
19-1-2025, ಭಾನುವಾರ

ತಂಗಿ ರಾಧಾಮಣಿಗೆ ಅಣ್ಣನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅತ್ತಿಗೆ, ರಕ್ಷಾ ಮೂವರೂ ಆರಾಮ. ನೀನೂ ರಂಗನಾಥರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಅಂದುಕೊಳ್ಳದೆ ಇನ್ನೇನು ಮಾಡಲಿ, ತಿಳಿಸುವವರು ಯಾರೂ ಇಲ್ಲವಲ್ಲ.

ಈ ಕಾಲದಲ್ಲಿ ಅಣ್ಣ ಕಾಗದ ಬರೆದಿದ್ದಾನೆ ಅಂತ ನಗಬೇಡ. ಹತ್ತು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ, ಅದನ್ನು ಕೇಳಿದ ಗುರುತೂ ಬರಲಿಲ್ಲ. ಕನ್ನಡ ಟೈಪು ಮಾಡುವುದು ನನ್ನ ದಪ್ಪ ಬೆರಳಿನ ಕೈಯಲ್ಲಿ ಆಗದ ಕೆಲಸ. ಹಾಗಾಗಿ ಅಂಚೆಯೇ ಗತಿ. ಅಕ್ಷರದ ಮೇಲೆಲ್ಲ ಮಸಿ ಮೆತ್ತಿದೆ. ಎಡಗೈಯವನ ಹಣೆಬರಹ, ನಿನಗೆ ಗೊತ್ತಿದ್ದದ್ದೇ.

ವಿಷಯ ಇಷ್ಟು. ಹಾಲಿಗೆ ಹೋಮ್ ಥಿಯೇಟರ್ ತರಿಸುತ್ತಿದ್ದೇನೆ. ದೊಡ್ಡ ರಿಸೀವರ್, ಜೊತೆಗೆ ಏಳು ಸ್ಪೀಕರು. ತುಮಕೂರಿನ ಪ್ರಸನ್ನ ಕುಮಾರ್ ಅನ್ನುವ ಹುಡುಗ ಬಂದು ಕೂರಿಸಿಕೊಡುತ್ತಾನೆ. ಅಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರನ್ನು ಅವನೇ ತೆಗೆದುಕೊಂಡು ಹೋಗುತ್ತಾನೆ. ಮೂವತ್ತನಾಲ್ಕು ವರ್ಷ ದುಡಿದ ಪೆಟ್ಟಿಗೆ, ಈಗ ಗುಂಡಿ ತಿರುಗಿಸಿದರೆ ಗರಗರ ಅನ್ನುತ್ತದೆ. ಅಪ್ಪನ ವಸ್ತುವಾದ್ದರಿಂದ ನಿನಗೊಂದು ಮಾತು ತಿಳಿಸಿರೋಣ ಅಂತ ಬರೆದೆ. ನಿನಗೇನೂ ಬೇಜಾರಾಗಲಾರದು. ಮಧ್ಯದ ಕುರ್ಚಿಯಲ್ಲಿ ಕೂರಿಸಿ, ತಬಲಾ ಯಾವ ಕಡೆಯಿಂದ ಬರುತ್ತಿದೆ, ಕೊಳಲು ಯಾವ ಕಡೆಯಿಂದ ಅಂತ ಕೇಳಿದರೆ ಒಂದು ಸಲವಾದರೂ ಸರಿಯಾಗಿ ಹೇಳಿದ್ದುಂಟಾ ನೀನು. ನಮ್ಮ ಮನೆಯಲ್ಲಿ ಸಂಗೀತದ ಕಿವಿ ಇಲ್ಲದವಳು ನೀನೊಬ್ಬಳೇ ಅಂತ ನಾನು ಅವತ್ತೇ ತೀರ್ಮಾನ ಮಾಡಿದ್ದೆ.

ಇನ್ನೊಂದು ಮಾತು. ಅಪ್ಪನ ವರ್ಷದ ತಿಥಿಯ ದಿನ ಪಂಕ್ತಿಯಲ್ಲಿ ನಿನ್ನ ಪಕ್ಕದಲ್ಲೇ ಕೂತು ನಾನೊಂದು ಮಾತು ಹೇಳಿದೆ. ನೀನು ಉತ್ತರ ಕೊಡದೆ ಎಲೆ ಮಡಚಿ ಎದ್ದು ಹೋದೆ. ಆರು ವರ್ಷವಾಯಿತು. ಅದನ್ನು ಕೆದಕಲು ಬರೆದದ್ದಲ್ಲ ಇದು. ಆದರೂ ಬರೆದುಬಿಟ್ಟೆ.

ಇತಿ,
ಪ್ರಭುದೇವ್


ನಾಗಲಮಡಿಕೆ
25-1-2025

ಅಣ್ಣನಿಗೆ ನಮಸ್ಕಾರ.

ಕಾಗದ ತಲುಪಿತು. ಹೊಸ ಸೆಟ್ ಬರುತ್ತಿರುವುದು ಸಂತೋಷ. ರಕ್ಷಾಗೆ ಪಿಯುಸಿ ಪರೀಕ್ಷೆ ಹತ್ತಿರ ಬಂತು, ಏಳು ಸ್ಪೀಕರಿನ ನಡುವೆ ಅವಳು ಓದುವುದು ಹೇಗೋ.

ಅಪ್ಪನ ಆಂಪ್ಲಿಫೈಯರನ್ನು ಯಾರಿಗೂ ಕೊಡಬೇಡ. ಅದು ನನಗೆ ಬೇಕು. ಕಪ್ಪು ಹೆಡ್‌ಫೋನೂ ಅಲ್ಲೇ ಎಲ್ಲೋ ಇರಬೇಕು, ಅದನ್ನೂ ಜೊತೆಗೆ ಇಟ್ಟಿರು. ಏಪ್ರಿಲಿನಲ್ಲಿ ಶಾಲೆಗೆ ರಜ ಸಿಕ್ಕ ಕೂಡಲೇ ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಅಟ್ಟದ ಮೇಲೆ ಒಂದು ಮೂಲೆಯಲ್ಲಿ ಇದ್ದರೆ ಸಾಕು. ಗರಗರ ಅಂದರೂ ಪರವಾಗಿಲ್ಲ.

ಮುಂದೆ ಇರುವ ಕೆಂಪು ಸ್ವಿಚ್ಚನ್ನು ಯಾರೂ ಕೀಳದಂತೆ ನೋಡಿಕೋ.

ಪಂಕ್ತಿಯಲ್ಲಿ ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ರಾಧಾಮಣಿ


ಮಧುಗಿರಿ
31-1-2025

ರಾಧಾ,

ಏನು ಹೇಳಿದೆನೋ ಗೊತ್ತಿಲ್ಲ ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲನ್ನು ನಾಲ್ಕು ಸಲ ಓದಿದೆ. ನನ್ನ ಜೀವಮಾನದಲ್ಲಿ ಒಂದೇ ಸಲ ನಾನಾಗಿ ತಗ್ಗಿ ಮಾತಾಡಿದ್ದು ಅದು. ನಿನಗಿಂತ ಏಳು ವರ್ಷ ದೊಡ್ಡವನು, ತಗ್ಗುವುದು ನನಗೆ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಅಂಥವನು ಹೇಳಿದ್ದನ್ನು ಕೇಳಿಯೂ ಕೇಳದವಳಂತೆ ಎದ್ದು ಹೋದೆ. ಈಗ ಗೊತ್ತೇ ಇಲ್ಲ ಅನ್ನುತ್ತೀಯ. ಆಗಲಿ.

ಇನ್ನು ಪೆಟ್ಟಿಗೆಯ ವಿಷಯ. ಆರು ವರ್ಷ ಈ ಮನೆಯ ಹೊಸ್ತಿಲು ತುಳಿಯದವಳಿಗೆ ಇದ್ದಕ್ಕಿದ್ದಂತೆ ಅಪ್ಪನ ಆಂಪ್ಲಿಫೈಯರ್ ಯಾಕೆ ಬೇಕಾಯಿತು? ಅದೂ ಆ ಕೆಂಪು ಸ್ವಿಚ್ಚಿನ ಸಮೇತ. ಆ ಸ್ವಿಚ್ಚನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿರಾದ ಪ್ಯಾರೇಜಾನ್ ಸಾಬರು ಕೈಯಾರೆ ಕಟ್ಟಿಕೊಟ್ಟ ಸೆಟ್ಟು. ಅಲ್ಯೂಮಿನಿಯಂ ಮುಖ, ಹಾಡಿಗೆ ತಕ್ಕಂತೆ ಕುಣಿಯುವ ಎರಡು ಮುಳ್ಳು. ಅಂಥದ್ದರ ಮುಖಕ್ಕೆ ಅಪ್ಪ ತೂತು ಕೊರೆಸಿ ಆ ದರಿದ್ರ ಸ್ವಿಚ್ಚು ಹಾಕಿಸಿದರು. ಅದನ್ನು ಒತ್ತಿದರೆ ಎಡದ ಹಾಡು ಬಲದ ಹಾಡು ಎಲ್ಲ ಕಲಸಿ ಎರಡೂ ಕಡೆ ಒಂದೇ ಬರುತ್ತದೆ, ಹಳ್ಳಿಯ ರೇಡಿಯೋ ಥರ. ಸ್ಟೀರಿಯೋ ಅಂತ ಆಸೆಪಟ್ಟು ತಂದದ್ದನ್ನು ಮೋನೊ ಮಾಡಿ ಕೇಳುವುದಾ? ನಾನು ಹಾಸ್ಟೆಲಿನಿಂದ ಬಂದಾಗಲೆಲ್ಲ ನೀನು ಅದನ್ನು ಒತ್ತಿಟ್ಟಿರುತ್ತಿದ್ದೆ. ನಾನು ತೆಗೆಯುವುದು, ನೀನು ಒತ್ತುವುದು. ಬೇಕಂತಲೇ ಮಾಡುತ್ತಿದ್ದೆ, ನನಗೆ ಗೊತ್ತಿಲ್ಲವಾ?

ಪ್ರಸನ್ನ ಕುಮಾರ್ ಫೆಬ್ರವರಿ ಒಂಬತ್ತರ ಭಾನುವಾರ ಬರುತ್ತಾನೆ. ಅಟ್ಟದಲ್ಲಿ ಜಾಗವಿಲ್ಲ ಅಂತ ನಿನ್ನ ಅತ್ತಿಗೆ ಅನ್ನುತ್ತಾಳೆ. ಜಾಗ ಮಾಡಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಕಾರಣ ಹೇಳು. ಒಂದೇ ಒಂದು. ಅಷ್ಟರೊಳಗೆ ಹೇಳದಿದ್ದರೆ ಪೆಟ್ಟಿಗೆ ಹೋಗುತ್ತದೆ.

ಇತಿ,
ಪ್ರಭುದೇವ್


ನಾಗಲಮಡಿಕೆ
8-2-2025

ಅಣ್ಣ,

ಮೂರು ಸಲ ಬರೆದು ಹರಿದು ಹಾಕಿದೆ, ಅದಕ್ಕೇ ತಡವಾಯಿತು. ಮೊನ್ನೆ ರಕ್ಷಾಳ ಫೋನಿಗೆ ಮೆಸೇಜ್ ಹಾಕಿದ್ದೇನೆ, ಕಾಗದ ಬರುತ್ತಿದೆ, ಅಲ್ಲಿಯವರೆಗೆ ಕೊಡಬೇಡಿ ಅಂತ. ಅದರಲ್ಲೇ ಎರಡು ಸಾಲು ಹೇಳಿಬಿಡು ಅಂದರು ಇವರು. ಎರಡು ಸಾಲಿನಲ್ಲಿ ಹೇಳುವಂಥದಲ್ಲ.

ನನಗೆ ಬಲಗಿವಿ ಕೇಳುವುದಿಲ್ಲ. ಹನ್ನೊಂದನೇ ವಯಸ್ಸಿನಿಂದ ಕೇಳುವುದಿಲ್ಲ. ಅಪ್ಪ ಅಮ್ಮನಿಗೆ ಮಾತ್ರ ಗೊತ್ತಿತ್ತು. ಮದುವೆಗೆ ಮುಂಚೆ ಇವರಿಗೆ ಹೇಳಿದೆ. ಇವರು ಅವತ್ತಿನಿಂದ ಇವತ್ತಿನವರೆಗೂ ರಸ್ತೆಯಲ್ಲಿ ನನ್ನ ಎಡಗಡೆಗೇ ನಡೆಯುತ್ತಾರೆ. ನನ್ನ ಶಾಲೆಯ ಹೆಡ್‌ಮಾಸ್ಟರಿಗೆ ಗೊತ್ತಿಲ್ಲ. ಮಕ್ಕಳಿಗೆ ಯಾರೂ ಹೇಳಿಲ್ಲ, ಆದರೂ ಲೆಕ್ಕ ತೋರಿಸಲು ಬರುವವರೆಲ್ಲ ಸುತ್ತಿ ಬಂದು ಎಡಗಡೆ ನಿಲ್ಲುತ್ತಾರೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಬಲಗಡೆ ನಿಂತಿದ್ದಕ್ಕೆ ಇನ್ನೊಬ್ಬಳು ತೆಲುಗಿನಲ್ಲಿ ಗದರಿಸಿದಳಂತೆ, "ಅಟು ಕಾದೇ, ಇಟು ರಾ" ಅಂತ. ಆ ಕಡೆಯಲ್ಲ, ಈ ಕಡೆ ಬಾ.

ತಬಲಾ ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಕಿವಿ ಇದ್ದವರಿಗೆ ತಿಳಿಯುವುದಿಲ್ಲ ಅಣ್ಣ. ನಾನು ನಿನ್ನ ಮುಖ ನೋಡಿ ಊಹಿಸಿ ಹೇಳುತ್ತಿದ್ದೆ. ಯಾವಾಗಲೂ ತಪ್ಪಾಗುತ್ತಿತ್ತು.

ಹೆಡ್‌ಫೋನ್ ಹಾಕಿಕೊಂಡರೆ ನನಗೆ ಎಡಗಡೆಯ ಅರ್ಧ ಹಾಡು ಮಾತ್ರ ಬರುತ್ತದೆ. ಕೆಲವು ಹಾಡಿನಲ್ಲಿ ಬರೀ ವಾದ್ಯ, ಹಾಡುವವರೇ ಇಲ್ಲ. ಆ ಕೆಂಪು ಸ್ವಿಚ್ಚು ಒತ್ತಿದರೆ ಎರಡೂ ಕಡೆಯದು ಕೂಡಿ ಒಂದೇ ಕಿವಿಗೆ ಬರುತ್ತದೆ. ಅದಕ್ಕೇ ಒತ್ತುತ್ತಿದ್ದೆ.

ಹೋದ ವರ್ಷದಿಂದ ಎಡಗಿವಿಯೂ ಕಮ್ಮಿಯಾಗುತ್ತಿದೆ. ಫೋನಿನಲ್ಲಿ ಮಾತು ತಿಳಿಯುವುದಿಲ್ಲ, ಅದಕ್ಕೇ ಎತ್ತುವುದಿಲ್ಲ. ಡಾಕ್ಟರು ಇನ್ನೊಂದು ವರ್ಷ ಕೇಳಿಸೀತು ಅನ್ನುತ್ತಾರೆ, ಹೆಚ್ಚೂ ಆಗಬಹುದು, ಕಮ್ಮಿಯೂ ಆಗಬಹುದು. ಮಿಷನ್ನು ಹಾಕಿಸಿಕೊಂಡರೆ ಮಾತು ತಿಳಿಯುತ್ತದಂತೆ, ಹಾಡಿನ ವಿಷಯ ಅವರು ಏನೂ ಹೇಳಲಿಲ್ಲ. ಅಷ್ಟರೊಳಗೆ ಆ ಪೆಟ್ಟಿಗೆಯಲ್ಲಿ, ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಪೂರ್ತಿ ಕೇಳಬೇಕು ಅಂತ ಆಸೆ. ಇಷ್ಟೇ ಕಾರಣ.

ಹೇಗಾಯಿತು ಅಂತ ಕೇಳಬೇಡ.

ರಾಧಾಮಣಿ


ಮಧುಗಿರಿ
13-2-2025

ರಾಧಾ,

ನಿನ್ನ ಕಾಗದ ಇವತ್ತು ಬಂತು. ಪೆಟ್ಟಿಗೆ ಭಾನುವಾರವೇ ಹೋಯಿತು.

ನಿನ್ನ ಮೆಸೇಜನ್ನು ರಕ್ಷಾ ನನಗೆ ತೋರಿಸಿದ್ದಳು. ನೋಡಿಯೂ ಕೊಟ್ಟೆ. ನಾನು ಆರು ವರ್ಷ ಕಾದಿದ್ದೇನೆ, ಅವಳಿಗೂ ಸ್ವಲ್ಪ ಉರಿಯಲಿ ಅಂತ ಅನ್ನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಇದೇ. "ಅಪ್ಪ, ಅತ್ತೆ ಬ್ಯಾಡ ಅಂದವ್ರೆ, ನಾಕು ದಿನ ಇರ್ಲಿ" ಅಂತ ರಕ್ಷಾ ಅಂದಳು. "ನಿಂಗೇನು ಗೊತ್ತಾಯ್ತದೆ, ಸುಮ್ಕಿರು" ಅಂದೆ.

ಹೊಸ ಸೆಟ್ಟು ಕೂರಿಸಿದ್ದು ಹೇಗೆ ಅಂತ ಹೇಳುತ್ತೇನೆ. ಮಧ್ಯದ ಕುರ್ಚಿಯಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಸರಿಯಾಗಿ, ನಿಂಬೆಹಣ್ಣಿನಷ್ಟು ಮೈಕು ಇಟ್ಟ ಆ ಹುಡುಗ. ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಿರಬೇಕು ಅಂದ. ಒಂದೊಂದೇ ಸ್ಪೀಕರು ಸುಯ್ಯ್ ಸುಯ್ಯ್ ಅಂತ ಸದ್ದು ಮಾಡಿತು. ಕುರ್ಚಿಯಲ್ಲಿ ಕೂರುವವನಿಗೆ ಯಾವ ಕಡೆಯಿಂದ ಎಷ್ಟು ಕೇಳಿಸುತ್ತದೆ ಅಂತ ಆ ಯಂತ್ರ ತಾನೇ ಅಳೆದುಕೊಳ್ಳುತ್ತದಂತೆ. ಅವತ್ತು ಅದನ್ನು ನೋಡಿ ಹೆಮ್ಮೆಪಟ್ಟಿದ್ದೆ. ಇವತ್ತು ನಿನ್ನ ಕಾಗದ ಓದಿ ಆ ಕುರ್ಚಿಯ ಮುಂದೆ ಹೋಗಿ ನಿಂತೆ. ಯಂತ್ರ ಐದು ನಿಮಿಷದಲ್ಲಿ ಕೇಳಿ ತಿಳಿದುಕೊಂಡಿತು. ನಾನು ಅದೇ ಜಾಗದಲ್ಲಿ ನಿನ್ನನ್ನು ವರ್ಷಗಟ್ಟಲೆ ಕೂರಿಸಿ ನಗೆಯಾಡಿದೆ.

ಪ್ರಸನ್ನ ಕುಮಾರನಿಗೆ ಫೋನ್ ಮಾಡಿದೆ. ಪೆಟ್ಟಿಗೆಯನ್ನು ಸಿರಾಕ್ಕೆ, ಅದನ್ನು ಕಟ್ಟಿದ ಪ್ಯಾರೇಜಾನ್ ಸಾಬರ ಅಂಗಡಿಗೇ ಕೊಟ್ಟನಂತೆ. ಹಳೇ ಸೆಟ್ಟು ಹುಡುಕಿಕೊಂಡು ಬೆಂಗಳೂರಿನವರು ಬರುತ್ತಾರಂತೆ ಅಲ್ಲಿಗೆ. ಸಾಬರ ನಂಬರ್ ಅವನ ಹತ್ತಿರ ಇಲ್ಲ. ಬರುವ ಭಾನುವಾರ ನಾನೇ ಹೋಗುತ್ತೇನೆ.

ಹೇಗಾಯಿತು ಅಂತ ಕೇಳಬೇಡ ಅಂದಿದ್ದೀಯ. ಕೇಳದೆ ಇರುವುದು ಹೇಗೆ? ನಿನಗೆ ಹನ್ನೊಂದು ಅಂದರೆ ನಾನು ಅದೇ ವರ್ಷ ಹಾಸ್ಟೆಲಿಗೆ ಹೋದವನು. ಜ್ವರ ಬಂದಿತ್ತಾ? ನನಗೆ ಯಾಕೆ ಯಾರೂ ಹೇಳಲಿಲ್ಲ?

ಪ್ರಭುದೇವ್


ನಾಗಲಮಡಿಕೆ
18-2-2025

ಅಣ್ಣ,

ನೀನು ಸಿರಾಕ್ಕೆ ಹೋಗಬೇಡ. ಇವರು ಸೋಲಾರ್ ಪಾರ್ಕಿನ ಕೆಲಸಕ್ಕೆ ಒಂದು ದಿನ ರಜ ಹಾಕಿ ಹೋಗಿ ತರುತ್ತಾರೆ. ಸಿಕ್ಕದಿದ್ದರೂ ಚಿಂತೆಯಿಲ್ಲ.

ಮೆಟ್ಟಿಲಿನಿಂದ ಬಿದ್ದೆ. ಕಿವಿಗೆ ಪೆಟ್ಟಾಯಿತು, ಆಮೇಲೆ ಕೀವು ಸೋರಿತು. ತುಮಕೂರಿನ ಆಸ್ಪತ್ರೆಯಲ್ಲಿ ಒಳಗಿನ ನರ ಹೋಗಿದೆ ಅಂದರು. ನಿನ್ನ ಓದಿಗೆ ತೊಂದರೆಯಾಗುತ್ತದೆ ಅಂತ ಹೇಳಲಿಲ್ಲ, ಅಷ್ಟೇ. ಹೆಣ್ಣುಹುಡುಗಿಗೆ ಕಿವುಡಿ ಅಂತ ಹೆಸರು ಬರಬಾರದು ಅಂತಲೂ ಅಮ್ಮನಿಗೆ ಇತ್ತು.

ದಮ್ಮಯ್ಯ, ಪ್ಯಾರೇಜಾನ್ ಸಾಬರ ಹತ್ತಿರ ಏನೂ ಕೇಳಬೇಡ. ವಯಸ್ಸಾದವರು, ಏನೇನೋ ಹೇಳುತ್ತಾರೆ.

ರಾಧಾಮಣಿ


ಮಧುಗಿರಿ
3-3-2025

ರಾಧಾ,

ನಿನ್ನ ಕಾಗದ ಬರುವ ಮುಂಚೆ ಒಂದು ಸಲ ಹೋಗಿದ್ದೆ, ಅಂಗಡಿ ಬಾಗಿಲು ಹಾಕಿತ್ತು. ನೀನು ಬೇಡ ಅಂದ ಮೇಲೆ, ನಿನ್ನೆ ಮತ್ತೆ ಹೋದೆ. ಬೇಡ ಅಂದದ್ದಕ್ಕೇ ಹೋದೆ ಅಂತ ಇಟ್ಟುಕೋ.

ಸಾಬರಿಗೆ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಕಣ್ಣು ಚುರುಕಾಗಿದೆ. ನಮ್ಮ ಪೆಟ್ಟಿಗೆ ಅವರ ಮುಂದೇ ಇತ್ತು, ಮೈಯೆಲ್ಲ ಒರೆಸಿ ಪಾಲಿಶ್ ಮಾಡಿತ್ತು. ಕೊಳ್ಳುವವರಿಗೆ ಚೆಂದ ಕಾಣಲಿ ಅಂತ ಅವರ ಮೊಮ್ಮಗ ಕೆಂಪು ಸ್ವಿಚ್ಚನ್ನು ಕಿತ್ತು ತೂತಿಗೆ ಬಿರಡೆ ಹಾಕಿದ್ದ.

ನಾನು ಯಾರ ಮಗ ಅಂತ ಹೇಳಿದೆ. ಸಾಬರು ಮೊಮ್ಮಗನ ಮೇಲೆ ರೇಗಿದರು. "ಅರೇ, ಅದನ್ನ ಯಾಕ್ ಕಿತ್ತೆ ನೀನು? ಅದು ಮೇಷ್ಟ್ರು ಹೇಳಿ ಹಾಕ್ಸಿದ್ದು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕಳಿ ಸಾರ್. ನಿಮ್ಮ ಅಪ್ಪಾವ್ರು ಬಂದಾಗ ನಾನೂ ಕೇಳ್ದೆ, ಹೊಸಾ ಸೆಟ್ಟಿಗೆ ಯಾಕೆ ಮೇಷ್ಟ್ರೇ ತೂತು ಅಂತ. ಇದೇ ಸ್ಟೂಲ್ ಮೇಲೆ ಕೂತ್ಕಂಡು ಅತ್ಬುಟ್ರು. ನನ್ನ ಬಚ್ಚಿಗೆ ಬಲಗಡೆ ಕಿವಿ ಹೋಗ್ಬುಡ್ತು ಸಾಬ್ರೇ, ಅವ್ಳಿಗೆ ಅರ್ಧ ಹಾಡು ಕೇಳ್ಸಿ ನಂಗೆ ಪೂರ್ತಿ ಕೇಳ್ಸಿದ್ರೆ ಹೆಂಗೆ ತಡ್ಕಳ್ಳಲಿ ಅಂದ್ರು" ಅಂದರು.

"ಹೆಂಗೆ ಹೋಯ್ತು ಅಂದ್ರು?" ಅಂತ ಕೇಳಿದೆ.

"ಬಿದ್ಲು ಅಂದ್ರು ಸಾರ್. ಅಷ್ಟೇಯ."

ಸಾಬರಿಗೆ ಒಂದು ಅಭ್ಯಾಸ. ಯಾವ ಸೆಟ್ಟಿಗೆ ಕೈ ಹಾಕಿದರೂ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ತಾರೀಖು, ಮಾಡಿದ ಕೆಲಸ ಬರೆದಿಡುತ್ತಾರೆ. ಮುಚ್ಚಳ ತೆಗೆದು ತೋರಿಸಿದರು. ಅಪ್ಪನ ಪೆಟ್ಟಿಗೆಯ ಒಳಗೆ ಮೊದಲು ಇದ್ದದ್ದು ಮೂರೇ ಸಾಲು. 12-6-91, ತಯಾರು. 17-6-91, ಎಡ ಸ್ಪೀಕರು ಹರಿದದ್ದು, ಬದಲು. 9-7-91, ಕೆಂಪು ಸ್ವಿಚ್ಚು, ಮೇಷ್ಟ್ರ ಮಗಳಿಗೆ.

ಎಡ ಸ್ಪೀಕರು ಹರಿದ ದಿನ ನನಗೆ ಚೆನ್ನಾಗಿ ನೆನಪಿದೆ ರಾಧಾ. ಅಪ್ಪ ಶಾಲೆಗೆ ಹೋಗಿದ್ದರು. ನೀನು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ, ಸ್ಪೀಕರು ಪಟ್ಟನೆ ಹರಿಯಿತು. ನಾನು ಎದುರಿಗೆ ನಿಂತು ಹೊಡೆದೆ. ಒಂದೇ ಏಟು. ನೀನು ಅಳಲಿಲ್ಲ, ಗೋಡೆ ಹಿಡಿದು ಕೂತೆ. ಎಷ್ಟು ಹಟಮಾರಿ ಅಂದುಕೊಂಡೆ. ಮಾರನೇ ವಾರ ಹಾಸ್ಟೆಲಿಗೆ ಹೋದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡೆ. ಬಲಗೈಯವನು ಎದುರಿಗೆ ನಿಂತು ಹೊಡೆದರೆ ಎಡಗೆನ್ನೆಗೆ ಬೀಳುತ್ತದೆ. ಬಲಗೆನ್ನೆಗೆ ಬೀಳಬೇಕಾದರೆ ಎಡಗೈಯವನೇ ಆಗಬೇಕು. ನಮ್ಮ ಮನೆಯಲ್ಲಿ ಎಡಗೈಯವನು ನಾನೊಬ್ಬನೇ.

ನೀನು ಮೆಟ್ಟಿಲಿನಿಂದ ಬಿದ್ದಿಲ್ಲ. ಆ ವರ್ಷ ನಾವಿದ್ದ ಬಾಡಿಗೆ ಮನೆಗೆ ಮೆಟ್ಟಿಲೇ ಇರಲಿಲ್ಲ.

ಅಪ್ಪ ಇಪ್ಪತ್ತೇಳು ವರ್ಷ ನನ್ನ ಎದುರಿಗೆ ಕೂತು ಉಂಡರು, ಒಂದು ದಿನವೂ ಬಾಯಿಬಿಡಲಿಲ್ಲ. ನನ್ನನ್ನು ಉಳಿಸಿದರು ಅನ್ನಲಾ, ನಂಬಲಿಲ್ಲ ಅನ್ನಲಾ, ತಿಳಿಯುತ್ತಿಲ್ಲ. ನೀನೂ ಬಾಯಿಬಿಡಲಿಲ್ಲ. ನಾನು ನಿನ್ನನ್ನು ಕಿವಿಯಿಲ್ಲದವಳು ಅಂದೆ, ನೀನು ನಕ್ಕುಬಿಡುತ್ತಿದ್ದೆ.

ಸಾಬರು ನಡುಗುವ ಕೈಯಲ್ಲೇ ಬಿರಡೆ ತೆಗೆದು ಸ್ವಿಚ್ಚನ್ನು ಮತ್ತೆ ಕೂರಿಸಿಕೊಟ್ಟರು. ನಾಲ್ಕನೇ ಸಾಲೂ ಬರೆದರು. ಗರಗರವನ್ನೂ ತೆಗೆದಿದ್ದಾರೆ. ನಾಳೆ ಬೆಳಗಿನ ಪಾವಗಡದ ಬಸ್ಸಿಗೆ ಹಾಕುತ್ತೇನೆ, ರಂಗನಾಥರಿಗೆ ಮೆಸೇಜ್ ಮಾಡಲು ರಕ್ಷಾಗೆ ಹೇಳಿದ್ದೇನೆ. ಟೇಪ್ ಡೆಕ್ಕು, ಹೆಡ್‌ಫೋನು, ಕ್ಯಾಸೆಟ್ಟು ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ನಾನೇ ತಂದುಕೊಡಬೇಕು. ಮುಖ ಇಲ್ಲ.

ಪಂಕ್ತಿಯಲ್ಲಿ ಹೇಳಿದ ಮಾತನ್ನು ಇಲ್ಲಿ ಬರೆಯೋಣ ಅಂತ ಎರಡು ಸಲ ಪೆನ್ನು ಊರಿದೆ, ಆಗಲಿಲ್ಲ. ಅವತ್ತಿಗೆ ಅದು ದೊಡ್ಡ ಮಾತು ಅನ್ನಿಸಿತ್ತು. ಇವತ್ತು ತೀರ ಸಣ್ಣದಾಗಿ ಕಾಣುತ್ತಿದೆ.

ಪ್ರಭುದೇವ್


ನಾಗಲಮಡಿಕೆ
16-3-2025

ಅಣ್ಣನಿಗೆ,

ಪೆಟ್ಟಿಗೆ ಬಂತು. ಕಂಡಕ್ಟರು ಅದನ್ನು ಡ್ರೈವರಿನ ಹಿಂದೆ ಕಟ್ಟಿ ತಂದಿದ್ದ, ಒಂದು ಗೀರೂ ಬಿದ್ದಿಲ್ಲ.

ನೀನು ಬರೆದದ್ದು ನಿಜ. ಇನ್ನು ಸುಳ್ಳು ಹೇಳಿ ಪ್ರಯೋಜನವಿಲ್ಲ. ಹೇಳಬೇಡ ಅಂತ ಅಪ್ಪ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದರು. ಅವರು ಹೋದ ಮೇಲೂ ಹೇಳಲಿಲ್ಲ, ಅದು ನಾನೇ ಹೇಳದೆ ಇದ್ದದ್ದು. ನೀನು ಮಧ್ಯದ ಕುರ್ಚಿಯಲ್ಲಿ ಕೂರಿಸಿ ಕೇಳಿದಾಗಲೆಲ್ಲ ನಾನು ನಗುತ್ತಿದ್ದೆ ಅಂದೆಯಲ್ಲ, ಹಿತ್ತಿಲಿಗೆ ಹೋಗಿ ಅಳುತ್ತಿದ್ದೆ. ನಿನ್ನ ಮೇಲೆ ಕೋಪ ಇತ್ತು. ಬೇಕಾದಷ್ಟು ಇತ್ತು. ಆ ಮನೆಗೆ ಬರದೆ ಇದ್ದದ್ದೂ ಅದಕ್ಕೇ. ಎಲ್ಲ ಮರೆತೆ ಅಂತ ಬರೆದರೆ ಅದು ಎರಡನೇ ಸುಳ್ಳಾಗುತ್ತದೆ.

ನಿನ್ನೆ ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಮೊದಲ ಕ್ಯಾಸೆಟ್ಟು ಹಾಕಿದೆ. ಸ್ವಿಚ್ಚು ಒತ್ತುವ ಮುಂಚೆ ಸ್ವಲ್ಪ ಹೊತ್ತು ಹಾಗೇ ಕೇಳಿದೆ, ಕೊಳಲು ಮಾತ್ರ ಬಂತು. ಆಮೇಲೆ ಒತ್ತಿದೆ. ಹಾಡುವವರು ಬಂದರು. ಪೂರ್ತಿ ಕೇಳಿದೆ. ಇನ್ನೂ ನಲವತ್ತು ಕ್ಯಾಸೆಟ್ಟು ಇವೆ.

ಪಂಕ್ತಿಯ ದಿನ ನೀನು ನನ್ನ ಬಲಗಡೆ ಕೂತಿದ್ದೆ ಅಣ್ಣ. ಬಾಯಿ ಅಲ್ಲಾಡಿದ್ದೂ ನಾನು ನೋಡಲಿಲ್ಲ. ನನಗೆ ಪಾಯಸ ಸೇರದು, ಅದಕ್ಕೇ ಎಲೆ ಮಡಚಿ ಎದ್ದೆ. ನೀನು ಆರು ವರ್ಷ ಕಾದದ್ದು ನನಗೆ ಗೊತ್ತೇ ಆಗಲಿಲ್ಲ.

ಆ ಮಾತನ್ನು ಕಾಗದದಲ್ಲಿ ಬರೆಯಬೇಡ. ಸಣ್ಣದಾದರೂ ಸರಿ, ಬಂದು ಹೇಳು. ರಜಕ್ಕೆ ಕಾಯಬೇಡ, ಬರುವ ಭಾನುವಾರವೇ ಬಾ. ಎಡಗಡೆ ಕೂತುಕೋ. ಇನ್ನೂ ಕೇಳಿಸುತ್ತದೆ.

ನಿನ್ನ ತಂಗಿ,
ರಾಧಾಮಣಿ